ಜೇಡಿ ಹೆಚ್ಚಿಸಿದಷ್ಟೂ ಪಿಷ್ಟದ ಫಿಲ್ಮ್ ಹರಿಯುವುದೇಕೆ?

ಪ್ರಶ್ನೆ: ನಾನು ಆಹಾರ ತಂತ್ರಜ್ಞಾನದ ಎಂ.ಎಸ್ಸಿ. ವಿದ್ಯಾರ್ಥಿನಿ, ಊರು ರಾಣೆಬೆನ್ನೂರು. ಪ್ರಾಜೆಕ್ಟಿಗಾಗಿ ಗೋವಿನಜೋಳದ ಪಿಷ್ಟಕ್ಕೆ ಗ್ಲಿಸರಾಲ್ (ಮೆತ್ತಗಾಗಿಸುವ ದ್ರವ) ಮತ್ತು ನ್ಯಾನೊ ಜೇಡಿ ಸೇರಿಸಿ ಪ್ಯಾಕಿಂಗಿನ ತೆಳು ಹಾಳೆ, ಅಂದರೆ ಫಿಲ್ಮ್ ಮಾಡುತ್ತಿದ್ದೇನೆ. ಪಿಷ್ಟದ ತೂಕಕ್ಕೆ ಶೇ. 1ರಿಂದ ಶೇ. 10ರವರೆಗೆ ಜೇಡಿ ಹಾಕಿ ನೋಡಿದೆ. ಹೆಚ್ಚಿಸಿದಷ್ಟೂ ಗಟ್ಟಿಯಾಗುತ್ತದೆ ಎಂದು ಓದಿದ್ದೆ. ಆದರೆ ಬಿಳಿ ಚುಕ್ಕೆ ಬರುತ್ತಿವೆ, ಶೇ. 5 ದಾಟಿದರೆ ಎಳೆದ ಕೂಡಲೇ ಹರಿಯುತ್ತದೆ. ಮೂರು ವಾರ ಇಟ್ಟರೆ ಹಪ್ಪಳದ ಹಾಗೆ ಮುರಿಯುತ್ತದೆ. ಸತುವಿನ ಆಕ್ಸೈಡ್ ಸೇರಿಸಿದರೆ ಬೂಸ್ಟು ಬರುವುದಿಲ್ಲ ಅನ್ನುತ್ತಾರೆ, ಸೇರಿಸಲೇ? ಇದರಲ್ಲಿ ಚಕ್ಕುಲಿ, ನಿಪ್ಪಟ್ಟು ಪ್ಯಾಕ್ ಮಾಡಬಹುದೇ? ಮಣ್ಣಿನಲ್ಲಿ ಹೂತ ತುಂಡು 10 ದಿನಕ್ಕೆ ಕಾಲು ಭಾಗ ತೂಕ ಕಳೆದುಕೊಂಡಿತು. ಜೈವಿಕವಾಗಿ ಕೊಳೆಯಿತು ಎಂದು ವರದಿಯಲ್ಲಿ ಬರೆಯಬಹುದೇ?

ಉತ್ತರ: ನಿಮ್ಮ ಫಿಲ್ಮಿನೊಳಗೆ ಇರುವುದು ಬಹುತೇಕ ಬರೀ ಜೇಡಿ, ಅದಿನ್ನೂ ನ್ಯಾನೊ ಆಗಿಲ್ಲ. ಬಾಟಲಿಯ ಮೇಲೆ ನ್ಯಾನೊ ಎಂದು ಬರೆದಿದ್ದರೂ ಒಳಗಿನ ಪುಡಿಯ ಒಂದೊಂದು ಕಣವೂ ಕೆಲವು ಮೈಕ್ರಾನ್ ದಪ್ಪ ಇರುತ್ತದೆ. ಮಾಂಟ್‌ಮೊರಿಲೊನೈಟ್ ಎಂಬ ಈ ಜೇಡಿಯ ಕಣ ಚಿರೋಟಿಯ ಹಾಗೆ ಪದರು ಪದರಾಗಿದೆ. ಒಂದು ಪದರಿನ ದಪ್ಪ ಸುಮಾರು 1 ನ್ಯಾನೊಮೀಟರ್, ಅಗಲ ನೂರರಿಂದ ಕೆಲವು ನೂರು ನ್ಯಾನೊಮೀಟರ್. ಪದರು ಬಿಡಿಸಿಕೊಂಡು ಪಿಷ್ಟದ ನಡುವೆ ಒಂದೊಂದಾಗಿ ಹರಡಿದಾಗ ಮಾತ್ರ ಅದು ನ್ಯಾನೊ. ಬಿಡದೆ ಗಂಟಾಗಿ ಉಳಿದರೆ ಫಿಲ್ಮಿನೊಳಗೆ ಮರಳು ಸಿಕ್ಕಿಕೊಂಡ ಹಾಗೆ. ಎಳೆದಾಗ ಒತ್ತಡವೆಲ್ಲ ಆ ಗಂಟಿನ ಅಂಚಿಗೆ ಬಂದು ನಿಲ್ಲುತ್ತದೆ, ಹರಿಯುವುದು ಅಲ್ಲಿಂದಲೇ ಶುರುವಾಗುತ್ತದೆ. ನೀವು ಶೇ. 1ರಿಂದ 10ಕ್ಕೆ ಏರಿಸುತ್ತ ಹೋದಾಗ ಹೆಚ್ಚಿದ್ದು ಪದರುಗಳ ಸಂಖ್ಯೆಯಲ್ಲ, ಗಂಟುಗಳ ಸಂಖ್ಯೆ.

ಇದನ್ನು ಲೆಕ್ಕದಲ್ಲೇ ನೋಡಬಹುದು. ಫಿಲ್ಮಿನ ಅಡ್ಡಕ್ಕೆ ಮಲಗಿದ ಪದರುಗಳನ್ನು ಸುತ್ತಿ ಬಳಸಿ ಹೋಗಬೇಕಾದ್ದರಿಂದ ನೀರಾವಿಗೂ ಆಮ್ಲಜನಕಕ್ಕೂ ದಾರಿ ಉದ್ದವಾಗುತ್ತದೆ. 1967ರಲ್ಲಿ ನೀಲ್ಸನ್ ಕೊಟ್ಟ ಸರಳ ಸೂತ್ರವನ್ನು ಈಗಲೂ ಎಲ್ಲರೂ ಬಳಸುತ್ತಾರೆ: ಜೇಡಿಯ ಗಾತ್ರದ ಪಾಲನ್ನು 1ರಿಂದ ಕಳೆಯಿರಿ, ಅದೇ ಪಾಲನ್ನು ಕಣದ ಅಗಲ-ದಪ್ಪದ ಅನುಪಾತದ ಅರ್ಧದಿಂದ ಗುಣಿಸಿ 1 ಕೂಡಿಸಿ, ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ. ಜೇಡಿ ಇಲ್ಲದ ಫಿಲ್ಮಿಗೆ ಹೋಲಿಸಿದರೆ ಎಷ್ಟು ಪಾಲು ಆವಿ ದಾಟುತ್ತದೆ ಎಂಬುದು ಸಿಗುತ್ತದೆ. ಗಾತ್ರದಲ್ಲಿ ಶೇ. 2 ಜೇಡಿ (ಫಿಲ್ಮಿನ ತೂಕದಲ್ಲಿ ಸುಮಾರು ಶೇ. 3.7) ಇದ್ದು, ಪದರು ಪೂರ್ತಿ ಬಿಡಿಸಿಕೊಂಡು ಅನುಪಾತ 100 ಆದರೆ, 0.98ನ್ನು 2ರಿಂದ ಭಾಗಿಸಿದಂತೆ 0.49 ಬರುತ್ತದೆ. ನೀರಾವಿ ಅರ್ಧಕ್ಕೆ ಇಳಿಯಿತು. ಅದೇ ಜೇಡಿ, ಅದೇ ತೂಕ, ಹತ್ತು ಹತ್ತು ಪದರಿನ ಕಟ್ಟಾಗಿ ಉಳಿದರೆ ಅನುಪಾತ 10, ಆಗ 0.98ನ್ನು 1.1ರಿಂದ ಭಾಗಿಸಬೇಕು, 0.89. ಇಳಿದದ್ದು ಬರೀ ಶೇ. 11. ಒಂದು ಗ್ರಾಂ ಜೇಡಿಯನ್ನೂ ಹೆಚ್ಚಿಸದೆ, ಕಲಸುವ ರೀತಿಯೊಂದರಿಂದಲೇ ಇಷ್ಟು ವ್ಯತ್ಯಾಸ. 1980ರ ದಶಕದ ಕೊನೆಯಲ್ಲಿ ಜಪಾನಿನ ಟೊಯೊಟಾ ಸಂಶೋಧಕರು ನೈಲಾನ್-6ರಲ್ಲಿ ಕೆಲವೇ ಶೇಕಡಾ ಜೇಡಿಯಿಂದ ಗಡಸುತನ ತಂದು ಈ ಕ್ಷೇತ್ರವನ್ನೇ ತೆರೆದಾಗಲೂ ಅವರ ಜಾಣ್ಮೆ ಇದ್ದದ್ದು ಪದರು ಬಿಡಿಸುವುದರಲ್ಲಿ.

ಹಾಗಾಗಿ ಶೇ. 10ರ ಆಸೆ ಬಿಡಿ. 0, 1, 3, 5 ಈ ನಾಲ್ಕು ಸಾಕು, ಒಂದೊಂದನ್ನೂ ಬೇರೆ ಬೇರೆ ದಿನ ಮೂರು ಸಲ ಮಾಡಿ. ಒಂದೇ ಪಾತ್ರೆಯ ದ್ರಾವಣದಿಂದ ಮೂರು ತಟ್ಟೆ ಹೊಯ್ದರೆ ಅದು ಮೂರು ಪ್ರಯೋಗವಾಗುವುದಿಲ್ಲ.

ಜೇಡಿ ಯಾವುದು ಎಂಬುದನ್ನು ಮೊದಲು ಬಾಟಲಿಯಲ್ಲಿ ಓದಿಕೊಳ್ಳಿ. ಪಿಷ್ಟ ನೀರನ್ನು ಇಷ್ಟಪಡುವ ವಸ್ತು, ಅದಕ್ಕೆ ಹೊಂದುವುದು ಯಾವ ಸಂಸ್ಕಾರವೂ ಇಲ್ಲದ ಸೋಡಿಯಂ ಮಾಂಟ್‌ಮೊರಿಲೊನೈಟ್. ನೈಲಾನ್, ಪಿ.ಎಲ್.ಎ. (ಜೈವಿಕ ಮೂಲದ ಒಂದು ಪ್ಲಾಸ್ಟಿಕ್) ಮುಂತಾದವಕ್ಕೆಂದು ಮಾರುವ ಆರ್ಗ್ಯಾನೊ ಜೇಡಿಯ ಪದರುಗಳ ನಡುವೆ ಕೊಬ್ಬಿನ ಬಾಲವಿರುವ ಅಮೋನಿಯಂ ಲವಣಗಳನ್ನು ತುಂಬಿರುತ್ತಾರೆ. ಅದು ನೀರಿನಲ್ಲಿ ತೇಲುತ್ತದೆ, ಪಿಷ್ಟದೊಂದಿಗೆ ಬೆರೆಯುವುದಿಲ್ಲ. ಆ ಲವಣ ಆಹಾರಕ್ಕೆ ಇಳಿದರೆ ಏನು ಎಂಬ ಇನ್ನೊಂದು ಪ್ರಶ್ನೆಯೂ ತಲೆ ಮೇಲೆ ಬರುತ್ತದೆ. ಹಾವೇರಿ, ದಾವಣಗೆರೆ ಕಡೆಯ ಗೋವಿನಜೋಳದ ಪಿಷ್ಟ ಈ ಕೆಲಸಕ್ಕೆ ಚೆನ್ನಾಗಿಯೇ ಒಗ್ಗುತ್ತದೆ. ಸಾಮಾನ್ಯ ತಳಿಯಲ್ಲಿ ಅಮೈಲೋಸ್ (ಪಿಷ್ಟದ ನೇರ ಸರಪಳಿಯ ಅಂಶ) ಸುಮಾರು ಕಾಲು ಭಾಗ ಇರುತ್ತದೆ, ಫಿಲ್ಮ್ ಕಟ್ಟುವುದು ಮುಖ್ಯವಾಗಿ ಅದೇ.

ಇನ್ನು ನೀರು. ನೀವು ಬೋರ್‌ವೆಲ್ ನೀರನ್ನೋ ನಲ್ಲಿ ನೀರನ್ನೋ ಬಳಸಿದ್ದರೆ ಬಿಳಿ ಚುಕ್ಕೆಗೆ ಅರ್ಧ ಕಾರಣ ಅಲ್ಲೇ ಸಿಕ್ಕಿತು. ಗಡಸು ನೀರಿನ ಕ್ಯಾಲ್ಸಿಯಂ, ಜೇಡಿಯ ಪದರುಗಳ ನಡುವೆ ಕೂತ ಸೋಡಿಯಂನ ಜಾಗವನ್ನು ಹಿಡಿಯುತ್ತದೆ. ಎರಡು ಧನ ವಿದ್ಯುದಂಶದ ಕ್ಯಾಲ್ಸಿಯಂ ಅಕ್ಕಪಕ್ಕದ ಪದರುಗಳನ್ನು ಬಿಗಿಯಾಗಿ ಹಿಡಿದಿಡುವುದರಿಂದ ಜೇಡಿ ಸ್ವಲ್ಪ ಉಬ್ಬಿ ಅಲ್ಲಿಗೇ ನಿಲ್ಲುತ್ತದೆ, ಬಿಡಿಸಿಕೊಳ್ಳುವುದಿಲ್ಲ. ಡಿಸ್ಟಿಲ್ಡ್ ವಾಟರ್ ಇಲ್ಲದೆ ಈ ಪ್ರಯೋಗ ಮಾಡಬೇಡಿ.

ಶೇ. 3 ಜೇಡಿಯ ಫಿಲ್ಮಿಗೆ 100 ಮಿ.ಲೀ. ದ್ರಾವಣದ ಅಳತೆ ಹೀಗೆ: ಪಿಷ್ಟ 4 ಗ್ರಾಂ, ಜೇಡಿ 0.12 ಗ್ರಾಂ, ಗ್ಲಿಸರಾಲ್ 1.2 ಗ್ರಾಂ. ಗ್ಲಿಸರಾಲನ್ನು ಪಿಪೆಟ್‌ನಲ್ಲಿ ಅಳೆಯದೆ ತೂಗಿ ಹಾಕಿ, ಅದು ಗಾಜಿಗೆ ಅಂಟಿಕೊಂಡು ಪ್ರತಿ ಸಲವೂ ಅಳತೆ ತಪ್ಪುತ್ತದೆ. ಜೇಡಿ ತೂಗುವಾಗ ಎನ್-95 ಮಾಸ್ಕ್ ಇರಲಿ, ಫ್ಯಾನ್ ಆರಿಸಿ. ಒಣ ಪುಡಿ ಶ್ವಾಸಕ್ಕೆ ಹೋಗಬಾರದು. ನೀರಿಗೆ ಬಿದ್ದ ಮೇಲೆ ಆ ಭಯವಿಲ್ಲ.

ಕೆಲಸ ಶುರುವಾಗಬೇಕಾದ್ದು ಹಿಂದಿನ ದಿನ. 30 ಮಿ.ಲೀ. ನೀರನ್ನು ಮ್ಯಾಗ್ನೆಟಿಕ್ ಸ್ಟಿರರ್ ಮೇಲೆ ತಿರುಗಲು ಬಿಟ್ಟು ಜೇಡಿಯನ್ನು ಚಿಟಿಕೆ ಚಿಟಿಕೆಯಾಗಿ ಉದುರಿಸಿ. ಒಮ್ಮೆಲೇ ಸುರಿದರೆ ರಾಗಿ ಹಿಟ್ಟು ಬಿಸಿನೀರಿಗೆ ಬಿದ್ದ ಹಾಗೆ ಹೊರಗೆ ಒದ್ದೆ, ಒಳಗೆ ಒಣ ಗಂಟು. 24 ಗಂಟೆ ತಿರುಗಲಿ. ಮರುದಿನ, ಶ್ರವಣಾತೀತ ಶಬ್ದದಿಂದ ಕಣ ಬಿಡಿಸುವ ಪ್ರೋಬ್ ಸೋನಿಕೇಟರ್‌ನಲ್ಲಿ 10 ನಿಮಿಷ ಇಡಿ, ಬೀಕರ್ ಐಸ್ ನೀರಿನಲ್ಲಿ ಕೂತಿರಬೇಕು, ಬಿಟ್ಟು ಬಿಟ್ಟು ಓಡಿಸಬೇಕು. ಬಾತ್ ಸೋನಿಕೇಟರ್ ಮಾತ್ರ ಇದ್ದರೆ ಒಂದು ಗಂಟೆ ಇಡಿ, ಅಷ್ಟು ಚೆನ್ನಾಗಿ ಬಿಡಿಸುವುದಿಲ್ಲ ಎಂಬುದು ಗೊತ್ತಿರಲಿ. ಆಮೇಲೆ ಒಂದು ಗಂಟೆ ಅಲುಗಿಸದೆ ಬಿಡಿ. ತಳದಲ್ಲಿ ಕೂರುವುದು ಸ್ಫಟಿಕ ಶಿಲೆಯ ಚೂರು ಮತ್ತು ಬಿಡಿಸಿಕೊಳ್ಳದ ಜೇಡಿ. ಮೇಲಿನದನ್ನು ಬಗ್ಗಿಸಿಕೊಂಡು ತಳದ್ದನ್ನು ಒಣಗಿಸಿ ತೂಗಿ, 0.12 ಗ್ರಾಂನಲ್ಲಿ ಅಷ್ಟನ್ನು ಕಳೆದು ನಿಜವಾದ ಶೇಕಡಾ ಬರೆಯಿರಿ. ಬಹಳ ಮಂದಿ ಇದನ್ನು ಮಾಡುವುದಿಲ್ಲ, ಹಾಕಿದ್ದನ್ನೇ ಫಿಲ್ಮಿನಲ್ಲಿ ಇದೆ ಎಂದು ಬರೆದುಬಿಡುತ್ತಾರೆ.

ಉಳಿದ 70 ಮಿ.ಲೀ. ತಣ್ಣೀರಿನಲ್ಲಿ ಪಿಷ್ಟ ಕದಡಿ, ಮುಚ್ಚಳ ಹಾಕಿ ಕದಡುತ್ತಲೇ ಬಿಸಿ ಮಾಡಿ. ಗೋವಿನಜೋಳದ ಪಿಷ್ಟ 62ರಿಂದ 72 ಡಿಗ್ರಿಯ ನಡುವೆ ಉಬ್ಬಿ ಗಂಜಿಯಾಗುತ್ತದೆ. ಗಟ್ಟಿಯಾಯಿತೆಂದು ಅಲ್ಲೇ ನಿಲ್ಲಿಸುವುದು ಸಾಮಾನ್ಯ ತಪ್ಪು. ಕಾಳು ಉಬ್ಬಿರುತ್ತದೆಯೇ ಹೊರತು ಒಡೆದಿರುವುದಿಲ್ಲ. 90-95 ಡಿಗ್ರಿಯಲ್ಲಿ 30 ನಿಮಿಷ ಕಾಯಬೇಕು, ಗಂಜಿ ಹಾಲುಬಣ್ಣ ಬಿಟ್ಟು ತಿಳಿಯಾಗಬೇಕು. ಆಗ 60-70 ಡಿಗ್ರಿಗೆ ಬಿಸಿ ಮಾಡಿದ ಜೇಡಿ ನೀರನ್ನು ಸಣ್ಣ ಧಾರೆಯಲ್ಲಿ ಸೇರಿಸಿ ಇನ್ನು 20 ನಿಮಿಷ ಕದಡಿ. ಗ್ಲಿಸರಾಲ್ ಕೊನೆಗೆ, ಮುಗಿಯಲು 10 ನಿಮಿಷ ಇರುವಾಗ. ಈ ಕ್ರಮ ಮುಖ್ಯ. ಗ್ಲಿಸರಾಲ್ ಪುಟ್ಟ ಅಣು, ಅದನ್ನು ಮೊದಲೇ ಹಾಕಿದರೆ ಪದರುಗಳ ನಡುವಿನ ಜಾಗಕ್ಕೆ ಪಿಷ್ಟಕ್ಕಿಂತ ಮುಂಚೆ ನುಗ್ಗಿ ಕೂರುತ್ತದೆ. ಪಿಷ್ಟಕ್ಕೆ ಬಾಗಿಲು ಮುಚ್ಚಿತು. ಫಿಲ್ಮನ್ನು ಮೆತ್ತಗೆ ಮಾಡಬೇಕಾದ ಗ್ಲಿಸರಾಲೂ ಅಲ್ಲೇ ಸಿಕ್ಕಿಬಿತ್ತು. ಮುಗಿದ ಮೇಲೆ ಆವಿಯಾದಷ್ಟು ನೀರನ್ನು ತೂಕ ನೋಡಿ ತುಂಬಿಸಿ, ತೆಳು ಬಟ್ಟೆಯಲ್ಲಿ ಸೋಸಿ, ಬಿಸಿಯಿರುವಾಗಲೇ ವ್ಯಾಕ್ಯೂಮ್‌ನಲ್ಲಿ ಗುಳ್ಳೆ ತೆಗೆಯಿರಿ. ತಣ್ಣಗಾದ ಗಂಜಿಯಿಂದ ಗುಳ್ಳೆ ಮೇಲೆ ಬರುವುದಿಲ್ಲ.

9 ಸೆಂ.ಮೀ. ಪ್ಲಾಸ್ಟಿಕ್ ತಟ್ಟೆಗೆ 15 ಮಿ.ಲೀ. ಹೊಯ್ದರೆ ಒಣಗಿದ ಮೇಲೆ ಸುಮಾರು 90 ಮೈಕ್ರಾನ್ ದಪ್ಪ ಬರುತ್ತದೆ. ಓವನ್ನಿನ ಕಂಬಿ ತಟ್ಟೆ ಸಾಮಾನ್ಯವಾಗಿ ಮಟ್ಟವಾಗಿರುವುದಿಲ್ಲ. ಗಾರೆ ಕೆಲಸದವರ ರಸಮಟ್ಟ ಇಟ್ಟು ನೋಡಿ, ಕಾಗದ ಮಡಚಿ ಕೊಟ್ಟು ಸರಿ ಮಾಡಿ. ಒಂದು ಕಡೆ 60, ಇನ್ನೊಂದು ಕಡೆ 120 ಮೈಕ್ರಾನ್ ಇದ್ದ ಫಿಲ್ಮಿನ ಬಲದ ಅಂಕಿಗೆ ಅರ್ಥವಿಲ್ಲ. 40 ಡಿಗ್ರಿಯಲ್ಲಿ 20ರಿಂದ 24 ಗಂಟೆ ಒಣಗಿಸಿ. ಅವಸರಕ್ಕೆ 60-70ಕ್ಕೆ ಏರಿಸಿದರೆ ಮೇಲೆ ಕೆನೆ ಕಟ್ಟಿ ಒಳಗೆ ನೀರು ಉಳಿಯುತ್ತದೆ, ಅಂಚು ಮಡಚಿಕೊಂಡು ಬಿರಿಯುತ್ತದೆ. ಮಳೆಗಾಲದಲ್ಲಿ ಕೋಣೆಯಲ್ಲೇ ಒಣಗಿಸಿದರೆ ಎರಡು ದಿನದಲ್ಲಿ ಬೂಸ್ಟು.

ಈಗ ಬಿಳಿ ಚುಕ್ಕೆ ಜೇಡಿಯದ್ದೋ ಪಿಷ್ಟದ್ದೋ ಎಂದು ತಿಳಿಯುವುದು ಹೇಗೆ? ಮೊದಲ ಪರೀಕ್ಷೆ ಸುಲಭ: ಜೇಡಿ ಹಾಕದ ಫಿಲ್ಮಿನಲ್ಲೂ ಚುಕ್ಕೆ ಇದೆಯೇ ನೋಡಿ. ಇದ್ದರೆ ಪಿಷ್ಟ ಬೆಂದಿಲ್ಲ. ಇನ್ನೂ ಖಚಿತ ಬೇಕಾದರೆ ಸೂಕ್ಷ್ಮದರ್ಶಕದಲ್ಲಿ ಎರಡು ಪೋಲರೈಸರ್‌ಗಳನ್ನು ಅಡ್ಡಡ್ಡ ಇಟ್ಟು ನೋಡಿ, ಬೇಯದ ಪಿಷ್ಟದ ಕಾಳಿನ ಮೇಲೆ ಕಪ್ಪು ಶಿಲುಬೆಯ ಗುರುತು ಕಾಣುತ್ತದೆ. ಜೇಡಿಯ ಗಂಟಿಗೆ ಆ ಗುರುತಿಲ್ಲ.

ಪದರು ಬಿಡಿಸಿಕೊಂಡಿದೆಯೇ ಎಂಬುದಕ್ಕೆ ಎಕ್ಸ್-ರೇ ಡಿಫ್ರಾಕ್ಷನ್ (ಎಕ್ಸ್-ರೇ ಚದುರುವ ಕೋನದಿಂದ ಪದರುಗಳ ಅಂತರ ಅಳೆಯುವ ಪರೀಕ್ಷೆ) ಮಾಡಿಸಿ, 2 ಡಿಗ್ರಿಯಿಂದಲೇ ಶುರು ಮಾಡಲು ಹೇಳಿ. ಒಣ ಸೋಡಿಯಂ ಜೇಡಿಯ ಶಿಖರ ಸುಮಾರು 7 ಡಿಗ್ರಿಯಲ್ಲಿ ಬರುತ್ತದೆ, ಅಂದರೆ ಪದರುಗಳ ಅಂತರ ಹೆಚ್ಚೂಕಡಿಮೆ 1.2 ನ್ಯಾನೊಮೀಟರ್. ಫಿಲ್ಮಿನಲ್ಲಿ ಅದು 5 ಡಿಗ್ರಿಗೆ ಸರಿದಿದ್ದರೆ ಅಂತರ 1.77 ನ್ಯಾನೊಮೀಟರ್ ಆಗಿದೆ, ಪಿಷ್ಟವೋ ಗ್ಲಿಸರಾಲೋ ಒಳಗೆ ಹೊಕ್ಕಿದೆ, ಪದರುಗಳು ಇನ್ನೂ ಸಾಲಾಗಿಯೇ ಇವೆ. 7ರಲ್ಲೇ ಉಳಿದಿದ್ದರೆ ಕಲಸಿದ್ದು ವ್ಯರ್ಥ. ಶಿಖರವೇ ಕಾಣದಿದ್ದರೆ ಪೂರ್ತಿ ಬಿಡಿಸಿಕೊಂಡಿತು ಎಂದು ತಕ್ಷಣ ಬರೆಯಬೇಡಿ. ಶೇ. 1ರಷ್ಟು ಕಡಿಮೆ ಜೇಡಿಯಲ್ಲಿ ಶಿಖರ ಗದ್ದಲದಲ್ಲಿ ಮುಳುಗಿಯೂ ಹೋಗುತ್ತದೆ. ಒಂದು ಮಾದರಿಯನ್ನಾದರೂ ಟ್ರಾನ್ಸ್‌ಮಿಷನ್ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿಸಿ, ಪರೀಕ್ಷಕರು ಕೇಳುವ ಮೊದಲ ಪ್ರಶ್ನೆ ಅದೇ.

ಹಪ್ಪಳದಂತೆ ಮುರಿಯುವುದಕ್ಕೆ ಜೇಡಿ ಕಾರಣವಲ್ಲ. ರಾತ್ರಿಯ ಅನ್ನ ಬೆಳಿಗ್ಗೆ ಗಟ್ಟಿಯಾಗುವುದು ಯಾವ ಕಾರಣಕ್ಕೋ ಇದೂ ಅದೇ ಕಾರಣಕ್ಕೆ. ಬೆಂದು ಬಿಡಿಬಿಡಿಯಾದ ಪಿಷ್ಟದ ಸರಪಳಿಗಳು ಮತ್ತೆ ಸಾಲುಗಟ್ಟುತ್ತವೆ. ಅಮೈಲೋಸ್ ಕೆಲವೇ ಗಂಟೆಗಳಲ್ಲಿ, ಕವಲೊಡೆದ ಸರಪಳಿಯ ಅಮೈಲೋಪೆಕ್ಟಿನ್ ದಿನಗಟ್ಟಲೆ, ವಾರಗಟ್ಟಲೆ. ಸಾಲುಗಟ್ಟಿದ ಕಡೆಯಿಂದ ಗ್ಲಿಸರಾಲ್ ಹೊರದೂಡಲ್ಪಟ್ಟು ಮೇಲ್ಮೈಗೆ ಬಂದು ಜಿಡ್ಡಾಗುತ್ತದೆ. ಗ್ಲಿಸರಾಲನ್ನು ಶೇ. 30ರಿಂದ 35ಕ್ಕೆ ಏರಿಸಿ ನೋಡಿ, ಅಥವಾ ಅರ್ಧ ಗ್ಲಿಸರಾಲ್ ಅರ್ಧ ಸಾರ್ಬಿಟಾಲ್ ಹಾಕಿ. ಸಾರ್ಬಿಟಾಲ್ ದೊಡ್ಡ ಅಣು, ಅಷ್ಟು ಬೇಗ ಹೊರಬರುವುದಿಲ್ಲ, ನೀರನ್ನೂ ಕಡಿಮೆ ಎಳೆಯುತ್ತದೆ. ಅದೊಂದನ್ನೇ ಜಾಸ್ತಿ ಹಾಕಿದರೆ ಮಾತ್ರ ಮೇಲೆ ಬಿಳಿ ಹರಳು ಮೂಡುತ್ತದೆ. ಫಿಲ್ಮ್ ಗಟ್ಟಿಯಾಗಲಿ ಎಂದು ಗ್ಲಿಸರಾಲನ್ನು ಶೇ. 10ರ ಹತ್ತಿರಕ್ಕೆ ಇಳಿಸುವುದು ತಿರುಗುಬಾಣವಾಗುತ್ತದೆ, ಅಷ್ಟು ಕಡಿಮೆಯಲ್ಲಿ ಅದು ಮೆತ್ತಗೆ ಮಾಡುವ ಬದಲು ಇನ್ನೂ ಪೆಡಸು ಮಾಡುತ್ತದೆ.

ಬಲ ಅಳೆಯುವ ಮುನ್ನ ಎಲ್ಲ ಫಿಲ್ಮುಗಳೂ ಒಂದೇ ತೇವದಲ್ಲಿ ಕೂತಿರಬೇಕು. ಮುಚ್ಚಿದ ಗಾಜಿನ ಪಾತ್ರೆಯಾದ ಡೆಸಿಕೇಟರ್‌ನ ತಳದಲ್ಲಿ ಮೆಗ್ನೀಸಿಯಂ ನೈಟ್ರೇಟಿನ ಸಂತೃಪ್ತ ದ್ರಾವಣ ಇಟ್ಟರೆ 25 ಡಿಗ್ರಿಯಲ್ಲಿ ಶೇ. 53 ಆರ್ದ್ರತೆ ಸಿಗುತ್ತದೆ. ಅದರಲ್ಲಿ ಕನಿಷ್ಠ 48 ಗಂಟೆ, ಸಾಧ್ಯವಿದ್ದರೆ ಐದು ದಿನ ಇಡಿ. ಪಿಷ್ಟದ ಫಿಲ್ಮಿಗೆ ನೀರೂ ಗ್ಲಿಸರಾಲಿನಂತೆಯೇ ಮೆತ್ತಗೆ ಮಾಡುವ ವಸ್ತು. ಬಿಸಿಲ ದಿನ ಎಳೆದ ಮಾದರಿಗೂ ಮಳೆಯ ದಿನ ಎಳೆದದ್ದಕ್ಕೂ ಇರುವ ಅಂತರದಲ್ಲಿ ಜೇಡಿಯ ಪರಿಣಾಮ ಪೂರ್ತಿ ಮುಚ್ಚಿಹೋಗುತ್ತದೆ.

ಚಕ್ಕುಲಿ, ನಿಪ್ಪಟ್ಟಿನ ಪ್ರಶ್ನೆಗೆ ನೇರ ಉತ್ತರ: ಆಗದು. ಲೆಕ್ಕ ನೋಡಿ. ಒಳಗೆ ತೇವ ಹೀರುವ ಕ್ಯಾಲ್ಸಿಯಂ ಕ್ಲೋರೈಡ್ ತುಂಬಿದ ಬಟ್ಟಲಿನ ಬಾಯಿಗೆ ಫಿಲ್ಮ್ ಮೆತ್ತಿ, ಉಪ್ಪಿನ ಸಂತೃಪ್ತ ದ್ರಾವಣದ ಮೇಲೆ ಶೇ. 75 ಆರ್ದ್ರತೆಯಲ್ಲಿಟ್ಟು ಗಂಟೆಗೊಮ್ಮೆ ತೂಗಿದಿರಿ ಎನ್ನಿ. ಬಾಯಿಯ ವಿಸ್ತೀರ್ಣ 20 ಚದರ ಸೆಂ.ಮೀ., ಗಂಟೆಗೆ 0.06 ಗ್ರಾಂ ಏರಿದರೆ ಚದರ ಮೀಟರಿಗೆ ಗಂಟೆಗೆ 30 ಗ್ರಾಂ, ದಿನಕ್ಕೆ 720 ಗ್ರಾಂ ನೀರು ಒಳಹೋಗುತ್ತಿದೆ. ಪಿಷ್ಟದ ಫಿಲ್ಮಿನಲ್ಲಿ ಈ ಮಟ್ಟದ ಅಂಕಿ ಬರುವುದು ಸಹಜ. ಅಂಗಡಿಯ ತೆಳು ಪಾಲಿಥೀನ್ ಇದಕ್ಕಿಂತ ಹೆಚ್ಚು ಸೆಕೆ, ಹೆಚ್ಚು ಆರ್ದ್ರತೆಯಲ್ಲೂ ದಿನಕ್ಕೆ ಇಪ್ಪತ್ತು ಗ್ರಾಂನ ಆಸುಪಾಸು ಬಿಡುತ್ತದೆ. ಜೇಡಿ ತುಂಬ ಚೆನ್ನಾಗಿ ಹರಡಿದರೂ ಅರ್ಧ ಮಾಡಿಕೊಡುತ್ತದೆ ಎಂದು ಆಗಲೇ ನೋಡಿದೆವು; ಅಂತರ ಇರುವುದು ಹತ್ತಾರು ಪಟ್ಟು. ನಿಪ್ಪಟ್ಟು ಮರುದಿನಕ್ಕೇ ಮೆತ್ತಗಾಗುತ್ತದೆ.

ಹಾಗೆಂದು ಈ ಫಿಲ್ಮ್ ಕೆಲಸಕ್ಕೆ ಬಾರದ್ದಲ್ಲ. ಒಣಗಿರುವಾಗ ಪಿಷ್ಟ ಆಮ್ಲಜನಕವನ್ನೂ ಎಣ್ಣೆಯನ್ನೂ ಚೆನ್ನಾಗಿ ತಡೆಯುತ್ತದೆ, ಈ ಎರಡರಲ್ಲೂ ಪಾಲಿಥೀನ್ ದುರ್ಬಲ. ಹೊರಗೆ ಇನ್ನೊಂದು ಹೊದಿಕೆ ಇರುವ ಪೊಟ್ಟಣದಲ್ಲಿ ಎಣ್ಣೆ ಜಿನುಗುವ ಶೇಂಗಾ, ಗೋಡಂಬಿಗೆ ಒಳಸುತ್ತಾಗಿ, ಬಿಸಿನೀರಿಗೆ ಹಾಗೆಯೇ ಹಾಕಿ ಕರಗಿಸುವ ಸೂಪಿನ ಮಸಾಲೆಯ ಪುಟ್ಟ ಪೊಟ್ಟಣವಾಗಿ ಇದು ಒಪ್ಪುತ್ತದೆ. ನಿಮ್ಮ ಪ್ರಾಜೆಕ್ಟನ್ನು ಇಂಥದೊಂದು ಆಹಾರಕ್ಕೆ ಕಟ್ಟಿಹಾಕಿದರೆ ಅದಕ್ಕೆ ಬೆಲೆ ಬರುತ್ತದೆ. ಮಾರಾಟಕ್ಕೆ ಮಾತ್ರ ತಟ್ಟೆಯಲ್ಲಿ ಹೊಯ್ಯುವ ವಿಧಾನ ನಡೆಯದು. ಈ ಅಳತೆಯಲ್ಲಿ ಒಂದು ಕಿಲೋ ಫಿಲ್ಮಿಗೆ ಸುಮಾರು 19 ಕಿಲೋ ನೀರು ಆರಿಸಬೇಕು, ಒಲೆಯ ನಷ್ಟ ಬಿಟ್ಟೇ 12 ಯೂನಿಟ್ ವಿದ್ಯುತ್ತಿನಷ್ಟು ಶಾಖ ಬೇಕು. ಕಾರ್ಖಾನೆಗಳು ಜೋಡಿ ಸ್ಕ್ರೂ ಎಕ್ಸ್‌ಟ್ರೂಡರ್‌ನಲ್ಲಿ ಕರಗಿಸಿ ಎಳೆಯುವುದು ಅದಕ್ಕೇ.

ಸತುವಿನ ಆಕ್ಸೈಡನ್ನು ಈಗ ಸೇರಿಸಬೇಡಿ ಎಂಬುದು ನನ್ನ ಸಲಹೆ. ಅದು ಸೂಕ್ಷ್ಮಾಣುಗಳನ್ನು ತಡೆಯುವುದು ನಿಜ, ಆದರೆ ಲೆಕ್ಕ ಕಠಿಣವಾಗಿದೆ. ಒಂದು ಕಿಲೋ ಆಹಾರಕ್ಕೆ 6 ಚದರ ಡೆಸಿಮೀಟರ್ ಫಿಲ್ಮ್ ತಾಗುತ್ತದೆ ಎಂಬುದು ರೂಢಿಯ ಲೆಕ್ಕ. ನಿಮ್ಮ 90 ಮೈಕ್ರಾನ್ ಫಿಲ್ಮಿನಲ್ಲಿ ಅದು ಸುಮಾರು 7.5 ಗ್ರಾಂ. ಶೇ. 1 ಆಕ್ಸೈಡ್ ಇದ್ದರೆ 75 ಮಿ.ಗ್ರಾಂ, ಅದರಲ್ಲಿ ಸತು 60 ಮಿ.ಗ್ರಾಂ. ಆಹಾರಕ್ಕೆ ಇಳಿಯಬಹುದಾದ ಸತುವಿಗೆ ಐರೋಪ್ಯ ಒಕ್ಕೂಟದ ಮಿತಿ ಕಿಲೋಗೆ 5 ಮಿ.ಗ್ರಾಂ, ಅಂದರೆ ಇದ್ದುದರಲ್ಲಿ ಹನ್ನೆರಡರಲ್ಲಿ ಒಂದು ಪಾಲು ಇಳಿದರೂ ಮಿತಿ ಮುಟ್ಟಿತು. ಹುಣಸೆ, ನಿಂಬೆ, ಮೊಸರಿನ ಹುಳಿಗೆ ಈ ಆಕ್ಸೈಡ್ ಸಲೀಸಾಗಿ ಕರಗುತ್ತದೆ. ಇನ್ನೊಂದು ತೊಡಕನ್ನು ಬಹಳ ಮಂದಿ ಗಮನಿಸುವುದೇ ಇಲ್ಲ: ಗೊಬ್ಬರವಾಗುವ ಪ್ಯಾಕಿಂಗಿಗೆ ಯುರೋಪಿನ ಇಎನ್ 13432 ಮಾನದಂಡ ಕಿಲೋಗೆ 150 ಮಿ.ಗ್ರಾಂ ಸತುವಿಗೆ ಮಾತ್ರ ಅವಕಾಶ ಕೊಡುತ್ತದೆ. ಶೇ. 1 ಆಕ್ಸೈಡಿನ ಫಿಲ್ಮಿನಲ್ಲಿ 8000 ಮಿ.ಗ್ರಾಂ ಇರುತ್ತದೆ. ಮಣ್ಣಿಗೆ ಸೇರಲೆಂದೇ ಮಾಡಿದ ಹಾಳೆಗೆ ಆ ಮಿತಿಯ ಐವತ್ತು ಪಟ್ಟು ಲೋಹ ತುಂಬಿದಂತಾಯಿತು.

ಹೋಲಿಕೆಗಾಗಿ ಒಂದು ಮಾದರಿ ಮಾಡಲೇಬೇಕೆಂದಿದ್ದರೆ ಅಗಾರ್ ಮೇಲೆ ಬಿಲ್ಲೆ ಇಟ್ಟು ಸುತ್ತಲಿನ ತಿಳಿ ವಲಯ ಅಳೆಯುವ ಪರೀಕ್ಷೆಯನ್ನು ನಂಬಬೇಡಿ. ಈ ಆಕ್ಸೈಡ್ ಅಗಾರ್‌ನಲ್ಲಿ ಸರಿಯಾಗಿ ಹರಡುವುದಿಲ್ಲ, ವಲಯ ಬರದಿದ್ದರೆ ಪರಿಣಾಮ ಇಲ್ಲವೆಂದಲ್ಲ. ಫಿಲ್ಮಿನ ಮೇಲೆ ಬ್ಯಾಕ್ಟೀರಿಯಾದ ದ್ರಾವಣ ಹರಡಿ 24 ಗಂಟೆ ಬಿಟ್ಟು ಉಳಿದವನ್ನು ಎಣಿಸುವ ಐಎಸ್‌ಒ 22196 ಕ್ರಮ ಇದಕ್ಕೆ ಸರಿ.

ಇನ್ನು ಮಣ್ಣಿನ ಪರೀಕ್ಷೆ. ಕಾಲು ಭಾಗ ತೂಕ ಹೋಯಿತು ಎಂದಿದ್ದೀರಿ. ನಿಮ್ಮ ಫಿಲ್ಮಿನಲ್ಲಿ ಗ್ಲಿಸರಾಲ್ ಎಷ್ಟಿದೆ? ಪಿಷ್ಟದ ಶೇ. 30 ಹಾಕಿದ್ದರೆ ಒಟ್ಟು ತೂಕದಲ್ಲಿ ಸುಮಾರು ಶೇ. 23. ಒದ್ದೆ ಮಣ್ಣಿನಲ್ಲಿ ಅದು ಮೊದಲ ದಿನವೇ ಕರಗಿ ಹೋಗುತ್ತದೆ, ಯಾವ ಸೂಕ್ಷ್ಮಾಣುವೂ ಮುಟ್ಟಬೇಕಿಲ್ಲ. ನೀವು ಅಳೆದದ್ದು ಬಹುಶಃ ಅದನ್ನೇ. ಇದನ್ನು ಬೇರ್ಪಡಿಸಲು ಅದೇ ಮಣ್ಣನ್ನು ಆಟೋಕ್ಲೇವ್ ಮಾಡಿದ (ಒತ್ತಡದ ಹಬೆಯಲ್ಲಿ ಸೂಕ್ಷ್ಮಾಣು ಕೊಂದ) ಡಬ್ಬಿಯಲ್ಲೂ, ಬರೀ ಡಿಸ್ಟಿಲ್ಡ್ ನೀರಿನಲ್ಲೂ ಒಂದೊಂದು ಸೆಟ್ ಇಡಿ. ಜೀವಂತ ಮಣ್ಣಿನಲ್ಲಿ ಇವೆರಡಕ್ಕಿಂತ ಎಷ್ಟು ಹೆಚ್ಚು ಹೋಯಿತೋ ಅಷ್ಟನ್ನು ಮಾತ್ರ ಸೂಕ್ಷ್ಮಾಣುಗಳ ಲೆಕ್ಕಕ್ಕೆ ಬರೆಯಬಹುದು. ತುಂಡುಗಳನ್ನು ನೈಲಾನ್ ಬಲೆಯ ಚೀಲದಲ್ಲಿ ಹೂತಿಡಿ, ಇಲ್ಲದಿದ್ದರೆ ಅಂಟಿದ ಮಣ್ಣನ್ನು ತೊಳೆಯುವಾಗ ಫಿಲ್ಮೂ ಜೊತೆಗೆ ಹೋಗುತ್ತದೆ. ಜೇಡಿ ಖನಿಜ, ಅದು ಕೊಳೆಯುವುದಿಲ್ಲ, ಹಾಗಾಗಿ ಶೇಕಡಾ ತೆಗೆಯುವಾಗ ಅದರ ತೂಕ ಬಿಡಿ.

ಇಷ್ಟೆಲ್ಲ ಮಾಡಿದರೂ ಕಾಂಪೋಸ್ಟಬಲ್ (ಗೊಬ್ಬರವಾಗುವ) ಎಂಬ ಪದವನ್ನು ವರದಿಯಲ್ಲಿ ಬಳಸಬೇಡಿ. ಐಎಸ್/ಐಎಸ್‌ಒ 17088 ಮಾನದಂಡದ ಪ್ರಕಾರ ಆ ಹೆಸರಿಗೆ 58 ಡಿಗ್ರಿಯ ಗೊಬ್ಬರದಲ್ಲಿ 180 ದಿನದೊಳಗೆ ಶೇ. 90ರಷ್ಟು ಇಂಗಾಲ, ಕಾರ್ಬನ್ ಡೈ ಆಕ್ಸೈಡ್ ಆಗಿ ಹೊರಬಂದದ್ದನ್ನು ಅಳೆದು ತೋರಿಸಬೇಕು. 12 ವಾರದ ಬಳಿಕ 2 ಮಿ.ಮೀ. ಜರಡಿಯ ಮೇಲೆ ಶೇ. 10ಕ್ಕಿಂತ ಹೆಚ್ಚು ಉಳಿಯಬಾರದು. ಕಾಂಪೋಸ್ಟಬಲ್ ಚೀಲ ಮಾರುವವರು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಮಾಣಪತ್ರವನ್ನೂ ಪಡೆಯಬೇಕು. ಆಹಾರಕ್ಕೆ ತಾಗುವ ಪ್ಲಾಸ್ಟಿಕ್ಕಿನಿಂದ ಇಳಿಯುವ ಒಟ್ಟು ವಸ್ತುವಿಗೆ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐನ 2018ರ ಪ್ಯಾಕೇಜಿಂಗ್ ನಿಯಮಗಳಲ್ಲಿ ಕಿಲೋಗೆ 60 ಮಿ.ಗ್ರಾಂ ಅಥವಾ ಚದರ ಡೆಸಿಮೀಟರಿಗೆ 10 ಮಿ.ಗ್ರಾಂ ಮಿತಿಯಿದೆ, ಪರೀಕ್ಷೆ ಐಎಸ್ 9845ರಂತೆ. ಇದರಲ್ಲಿ ನೀರನ್ನೋ ಶೇ. 3 ಅಸಿಟಿಕ್ ಆಮ್ಲವನ್ನೋ ತಾಗಿಸಿದರೆ ನಿಮ್ಮ ಫಿಲ್ಮ್ ಗ್ಲಿಸರಾಲ್ ಬಿಟ್ಟುಕೊಟ್ಟು ಸೋಲುವುದು ಬಹುತೇಕ ಖಚಿತ. ಎಣ್ಣೆಯ ಆಹಾರದ ಬದಲಿಗೆ ಬಳಸುವ ಎನ್-ಹೆಪ್ಟೇನ್‌ನಲ್ಲಿ ಮೊದಲು ಮಾಡಿ ನೋಡಿ, ಅದರಲ್ಲಿ ಪಿಷ್ಟವೂ ಗ್ಲಿಸರಾಲೂ ಕರಗುವುದಿಲ್ಲ. ಶೇಂಗಾ, ಗೋಡಂಬಿಯ ಒಳಸುತ್ತು ಎಂದು ಮೇಲೆ ಹೇಳಿದ್ದಕ್ಕೆ ಇದೂ ಒಂದು ಕಾರಣ. ಕಾಲೇಜಿನಲ್ಲಿ ಈ ಸೌಲಭ್ಯವಿಲ್ಲದಿದ್ದರೆ ನಿಮ್ಮ ಗೈಡ್ ಮೂಲಕ ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆಯಾದ ಸಿಎಫ್‌ಟಿಆರ್‌ಐನ ಆಹಾರ ಪ್ಯಾಕೇಜಿಂಗ್ ವಿಭಾಗವನ್ನು ಕೇಳಿ, ಕೇಳುವಾಗ ಶೇ. 0 ಮತ್ತು ಶೇ. 3 ಜೇಡಿಯ ಫಿಲ್ಮುಗಳೆರಡರ ದಪ್ಪ, ಗ್ಲಿಸರಾಲಿನ ಪ್ರಮಾಣ, ಎಷ್ಟು ದಿನದ ಹಿಂದೆ ಮಾಡಿದ್ದು ಎಂಬ ಮೂರನ್ನೂ ಬರೆದು ಕಳಿಸಿ.